ಹಿಂದಿನ ಬೆಂಚಿನ ನಗು

ನಮ್ಮ ಬಳಗದಲ್ಲಿ ಕವಿತೆ ಬರೆಯುವವರು ಬೇಕಾದಷ್ಟಿದ್ದಾರೆ. ನಾನು ಕಾಮರ್ಸಿನವನು, ಜಮಾ-ಖರ್ಚು ಬಿಟ್ಟರೆ ಬೇರೆ ಬರವಣಿಗೆಯ ಅಭ್ಯಾಸವಿಲ್ಲ. ಸಂಪಾದಕ ಮಿತ್ರರು ‘ಏನಾದರೂ ಕೊಡಪ್ಪಾ’ ಎಂದು ಎರಡು ತಿಂಗಳಿಂದ ಬೆನ್ನು ಹತ್ತಿದ್ದರು. ‘ಆಯ್ತು, ನೋಡೋಣ’ ಎಂದು ತಪ್ಪಿಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಮನೆಯಲ್ಲಿ ಒಂದು ಪ್ರಸಂಗ ನಡೆಯಿತು. ಅದನ್ನೇ ಬರೆಯುತ್ತಿದ್ದೇನೆ.

ನನ್ನ ತಂಗಿ ಡೊಂಬಿವಲಿಯ ಒಂದು ಶಾಲೆಯಲ್ಲಿ ಎಂಟನೇ ಇಯತ್ತೆ ಓದುತ್ತಾಳೆ. ಒಂದು ದಿನ ಬಂದವಳೇ ಚೀಲ ಮೂಲೆಗೆ ಎಸೆದು ಊಟ ಬೇಡವೆಂದು ಮಲಗಿದಳು. ರಾತ್ರಿ ವಿಷಯ ಹೊರಗೆ ಬಂತು. ತರಗತಿಯ ಹುಡುಗರು ಮೊಬೈಲಿನಲ್ಲಿ ಒಂದು ಗುಂಪು ಮಾಡಿಕೊಂಡು, ಹುಡುಗಿಯರೆಲ್ಲರ ಹೆಸರು ಬರೆದು, ಬಣ್ಣಕ್ಕೆ ಇಷ್ಟು, ಮೈಕಟ್ಟಿಗೆ ಇಷ್ಟು, ‘ಸೊಕ್ಕಿ’ಗೆ ಇಷ್ಟು ಎಂದು ಹತ್ತಕ್ಕೆ ಅಂಕ ಹಾಕಿದ್ದರು. ತಂಗಿಗೆ ಮೂರು. ಪಕ್ಕದಲ್ಲಿ ಒಂದು ಮಾತು ಬೇರೆ. ಅದನ್ನು ಇಲ್ಲಿ ಬರೆಯಲಾರೆ.

ಹುಡುಗಿಯರು ದೂರು ಕೊಟ್ಟರು. ಹುಡುಗರನ್ನು ಒಂದು ಪಿರಿಯಡ್ ವರಾಂಡದಲ್ಲಿ ನಿಲ್ಲಿಸಿದರು. ಆಮೇಲೆ ಹುಡುಗಿಯರನ್ನು ಬೇರೆಯಾಗಿ ಕರೆದು, ಎರಡು ಜಡೆ ಹಾಕಿಕೊಂಡು ಬನ್ನಿ, ಹುಡುಗರ ಜೊತೆ ಹಲ್ಲು ಕಿಸಿಯಬೇಡಿ, ವರಾಂಡದ ಕಿಟಕಿ ಕಡೆ ಕೂರಬೇಡಿ ಎಂದು ಅರ್ಧ ಗಂಟೆ ಬುದ್ಧಿ ಹೇಳಿದರು. ಅವ್ವನೂ ಅದನ್ನೇ ಹೇಳಿದಳು: “ನಾಳಿಂದ ಕಿಟಕಿ ಕಡೆ ಕೂಡಬ್ಯಾಡ, ಮುಗೀತು.” ಅಪ್ಪ ಪೇಪರಿನ ಹಿಂದಿನಿಂದ, “ಇಕಿಗೆ ಮೊಬೈಲ್ ಕೊಡೋದ ಬ್ಯಾಡ ಇನ್ನ” ಅಂದರು. ತಂಗಿಯ ಹತ್ತಿರ ಮೊಬೈಲೇ ಇಲ್ಲ. ಇದ್ದದ್ದು ಆ ಹುಡುಗರ ಹತ್ತಿರ. ಇದು ಅಪ್ಪನಿಗೂ ಹೊಳೆಯಲಿಲ್ಲ, ನಿಜ ಹೇಳಬೇಕೆಂದರೆ ನನಗೂ ಆ ಕ್ಷಣಕ್ಕೆ ಹೊಳೆಯಲಿಲ್ಲ.

ದೀಪ ಆರಿಸಿದ ಮೇಲೆ ತಂಗಿ ಕೇಳಿದಳು:

“ಅಣ್ಣಾ, ನಿಮ್ಮ ಸಾಲ್ಯಾಗೂ ಹಿಂಗ ಮಾಡ್ತಿದ್ರೇನು?”

“ಹೂಂ, ಮಾಡ್ತಿದ್ರು.”

“ಆವಾಗ ನೀ ಏನ್ ಮಾಡ್ತಿದ್ದಿ?”

“ನಗ್ತಿದ್ದೆ.”

ಅವಳು ಮತ್ತೆ ಮಾತಾಡಲಿಲ್ಲ. ನಾನು ಹೇಳಿದ್ದು ಅರ್ಧ ಸತ್ಯ. ಉಳಿದರ್ಧವನ್ನು ಇಲ್ಲಿ ಹೇಳುತ್ತೇನೆ. ನಾವು ಒಂಬತ್ತನೆಯಲ್ಲಿದ್ದಾಗ ನಮ್ಮಲ್ಲೂ ಇಂಥದೇ ಪಟ್ಟಿ ಆಗಿತ್ತು, ಕಾಗದದ ಮೇಲೆ. ಹೇಳಿಕೊಟ್ಟವನು ಇನ್ನೊಬ್ಬ. ಆದರೆ ನನ್ನ ಅಕ್ಷರ ದುಂಡಗಿದ್ದುದರಿಂದ ಸ್ಕೇಲ್ ಇಟ್ಟು ಗೆರೆ ಎಳೆದು, ಅಂಕಣ ಮಾಡಿ ಬರೆದವನು ನಾನು. ಆ ಹೊತ್ತಿನಲ್ಲಿ ಕನ್ನಡದ ಮೇಷ್ಟ್ರು ಸಂಚಿಯ ಹೊನ್ನಮ್ಮನ ಬಗ್ಗೆ ಹೇಳುತ್ತಿದ್ದರು. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಇದ್ದವಳು, ‘ಹದಿಬದೆಯ ಧರ್ಮ’ ಬರೆದವಳು. ಗಂಡನಿಗೆ ಹೇಗೆ ನಡೆದುಕೊಳ್ಳಬೇಕೆಂದು ಹೇಳುವ ಕಾವ್ಯದ ನಡುವೆಯೇ, ಹೆತ್ತವಳೂ ಹೆಣ್ಣೇ ಆಗಿರುವಾಗ ಹೆಣ್ಣನ್ನು ಹೀಗಳೆಯುವುದೇಕೆ ಎಂದು ಕೇಳಿದವಳು. ಪರೀಕ್ಷೆಗೆ ಬರುತ್ತೆ, ಗುರುತು ಹಾಕಿಕೊಳ್ಳಿ ಅಂದರು. ಗುರುತು ಹಾಕಿಕೊಂಡೆವು. ಅದೇ ಪೆನ್ನಿನಿಂದ ಪಟ್ಟಿಯನ್ನೂ ಮುಗಿಸಿದೆವು. ನಮ್ಮ ಪಟ್ಟಿಯಲ್ಲಿ ಕೊನೆಗೆ ಬಂದ ಹುಡುಗಿ ದಿನಾ ಬೆಳಿಗ್ಗೆ ಪ್ರಾರ್ಥನೆಯಲ್ಲಿ ವಾರ್ತೆ ಓದುತ್ತಿದ್ದಳು. ಪಟ್ಟಿ ಅವಳ ಕೈಗೆ ಸಿಕ್ಕ ಮೇಲೆ ಓದುವುದನ್ನು ಬಿಟ್ಟಳು. ಗಂಟಲು ನೋವು ಅಂದಳಂತೆ. ಗಂಟಲು ನೋವು ಹತ್ತನೆಯವರೆಗೂ ಹೋಗಲಿಲ್ಲ.

ಅದೇ ವರ್ಷ, 2019ರ ಡಿಸೆಂಬರಿನಲ್ಲಿ, ಮುಂಬಯಿಯ ಒಂದು ದೊಡ್ಡ ಶಾಲೆಯ 13-14 ವರ್ಷದ ಹುಡುಗರು ಸಹಪಾಠಿ ಹುಡುಗಿಯರ ಬಗ್ಗೆ ವಾಟ್ಸಾಪಿನಲ್ಲಿ ಅಸಹ್ಯವಾಗಿ ಬರೆದು, ಎಂಟು ಜನ ಅಮಾನತಾದ ಸುದ್ದಿ ಪೇಪರಿನಲ್ಲಿ ಬಂತು. ‘ಶ್ರೀಮಂತರ ಮಕ್ಕಳು, ಹಾಗೇ ಮತ್ತೆ’ ಎಂದು ನಾವು ಮಾತಾಡಿಕೊಂಡೆವು. ನಮ್ಮ ಕಾಗದದ ಪಟ್ಟಿ ನಮಗೆ ನೆನಪೇ ಆಗಲಿಲ್ಲ.

ಇದಕ್ಕೆ ನಿಘಂಟಿನಲ್ಲಿ ‘ಸ್ತ್ರೀದ್ವೇಷ’ ಎಂಬ ಪದವಿದೆ. ಪದ ಸರಿಯೇ ಇರಬಹುದು, ಆದರೆ ಹದಿಮೂರರ ಹುಡುಗನ ಮುಂದೆ ಆಡಿದರೆ ಅವನು ತನ್ನನ್ನು ಅದರಲ್ಲಿ ಗುರುತಿಸುವುದಿಲ್ಲ. ‘ನಾನ್ಯಾಕೆ ದ್ವೇಷಿಸಲಿ? ನಮ್ಮವ್ವ ಅಂದ್ರೆ ನನಗೆ ಪ್ರಾಣ’ ಅಂತಾನೆ. ನಿಜವೂ ಹೌದು. ಅವನಲ್ಲಿ ಇರುವುದು ಕುದಿಯುವ ದ್ವೇಷವಲ್ಲ, ಹಗುರ ಮಾಡುವ ಚಾಳಿ. ಹುಡುಗಿ ಎಂದರೆ ಅಂಕ ಹಾಕಲು ಇರುವ ವಸ್ತು, ಅವಳ ಮಾತು ಎಂದರೆ ನಗಲು ಇರುವ ಮಾತು. ನಮ್ಮ ಭಾಷೆಯೂ ಇದಕ್ಕೆ ಅನುಕೂಲ ಮಾಡಿಕೊಟ್ಟಿದೆ ನೋಡಿ. ರಸ್ತೆಯಲ್ಲಿ ಹುಡುಗಿಯ ಬೆನ್ನು ಹತ್ತಿ ಕಾಡುವುದಕ್ಕೆ ನಾವು ‘ಚುಡಾಯಿಸುವುದು’ ಅಂತೀವಿ, ಏನೋ ಮಕ್ಕಳಾಟ ಎಂಬಂತೆ. ನಮ್ಮ ಇಂಗ್ಲಿಷಿನ ‘ಈವ್ ಟೀಸಿಂಗ್’ ಕೂಡ ಇಷ್ಟೇ ಹಗುರ. 2023ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಹೊರತಂದ ಕೈಪಿಡಿಯಲ್ಲಿ ಆ ಪದವನ್ನು ಬಿಟ್ಟು ‘ಬೀದಿಯ ಲೈಂಗಿಕ ಕಿರುಕುಳ’ ಎನ್ನಬೇಕೆಂದು ಹೇಳಿದ್ದಾರೆ. ಗಾದೆಗಳ ಮಾತಂತೂ ಬೇಡ. ಹೆಂಗಸರ ಬುದ್ಧಿ ಮೊಣಕಾಲ ಕೆಳಗೆ ಎಂದು ಹೇಳಿ ನಗದ ಮಾವ ಯಾವ ಮದುವೆ ಮನೆಯಲ್ಲಿ ಸಿಕ್ಕಾನು? ಅಳುವ ಹುಡುಗನಿಗೆ ‘ಬಳೆ ತೊಟ್ಕೋ’, ಜೋರಾಗಿ ಮಾತಾಡುವ ಹುಡುಗಿಗೆ ‘ಗಂಡುಬೀರಿ’. ಎರಡರ ಅರ್ಥವೂ ಒಂದೇ: ಹೆಣ್ಣಾಗುವುದು ಒಂದು ಇಳಿತ.

ಸ್ನೇಹಿತರೇ, ಇದು ಐದನೇ ಇಯತ್ತೆಯವರೆಗೆ ಇಷ್ಟಾಗಿ ಕಾಣುವುದಿಲ್ಲ. ಕಟ್ಟಡದ ಕೆಳಗೆ ಹುಡುಗ-ಹುಡುಗಿ ಸೇರಿಯೇ ಲಗೋರಿ ಆಡುತ್ತೇವೆ. ಆರನೆಯದಕ್ಕೆ ಬಂದೊಡನೆ ಬೆಂಚು ಬೇರೆ, ಆಟ ಬೇರೆ. ಹುಡುಗಿಯ ಹತ್ತಿರ ನೋಟ್ಸ್ ಕೇಳಿದರೂ ಹಿಂದಿನಿಂದ ‘ಓಹೋ’ ಎಂಬ ಕೂಗು. ಹಾಗಾಗಿ ಮಾತು ನಿಲ್ಲುತ್ತದೆ. ಮಾತು ನಿಂತ ಮೇಲೆ ಹುಡುಗಿಯರ ಬಗ್ಗೆ ನಮಗೆ ಗೊತ್ತಾಗುವುದೆಲ್ಲ ಬೇರೆ ಹುಡುಗರಿಂದ, ಸಿನಿಮಾದಿಂದ, ಈಗ ಮೊಬೈಲಿನಿಂದ. ಸಿನಿಮಾದಲ್ಲಿ ಸೊಕ್ಕಿನ ಹೆಣ್ಣನ್ನು ನಾಯಕ ಬಗ್ಗಿಸುತ್ತಾನೆ. 1989ರ ‘ನಂಜುಂಡಿ ಕಲ್ಯಾಣ’ವನ್ನು ನಮ್ಮ ಮನೆಯಲ್ಲಿ ಎಷ್ಟು ಸಲ ನೋಡಿ ನಕ್ಕಿದ್ದೇವೋ ಲೆಕ್ಕವಿಲ್ಲ, ಅವ್ವನೂ ನಕ್ಕಿದ್ದಾಳೆ. ಮೊಬೈಲಿನಲ್ಲಿ ಬೇರೆ ಥರ. ವ್ಯಾಯಾಮ ಹೇಳಿಕೊಡುವವನಂತೆ, ದುಡ್ಡು ಮಾಡುವ ದಾರಿ ತೋರಿಸುವವನಂತೆ ಒಬ್ಬ ಬರುತ್ತಾನೆ. ನಾಲ್ಕನೇ ರೀಲಿನಲ್ಲಿ, ಹೆಣ್ಣನ್ನು ಹಿಡಿತದಲ್ಲಿ ಇಡದವನು ಗಂಡಸೇ ಅಲ್ಲ ಎನ್ನುತ್ತಾನೆ. 2025ರ ಮಾರ್ಚಿನಲ್ಲಿ ಬಂದ ‘ಅಡಾಲಸೆನ್ಸ್’ ಎಂಬ ಇಂಗ್ಲಿಷ್ ಧಾರಾವಾಹಿ ಇದನ್ನೇ ಕುರಿತದ್ದು. ಸಹಪಾಠಿ ಹುಡುಗಿಯನ್ನು ಕೊಂದ ಹದಿಮೂರು ವರ್ಷದ ಹುಡುಗನ ಕತೆ. ಅದನ್ನು ಬ್ರಿಟನ್ನಿನ ಪ್ರೌಢಶಾಲೆಗಳಿಗೆ ಪುಕ್ಕಟೆ ತೋರಿಸುವ ಏರ್ಪಾಡಾಯಿತು. ಅಂದರೆ ಈ ರೋಗ ನಮ್ಮ ಊರಿನದು ಮಾತ್ರ ಅಲ್ಲ.

ನಮ್ಮ ಊರಿನದೂ ಕಡಿಮೆಯಿಲ್ಲ. 2021ರ ಸೆಪ್ಟೆಂಬರಿನಲ್ಲಿ ಇಲ್ಲಿಯ ಮಾನಪಾಡಾ ಪೊಲೀಸ್ ಠಾಣೆಯಲ್ಲಿ ದಾಖಲಾದ ಪ್ರಕರಣ ನಿಮಗೆ ನೆನಪಿರಬಹುದು. ಹದಿನೈದು ವರ್ಷದ ಹುಡುಗಿ, ಒಂದು ವಿಡಿಯೋ, ಅದನ್ನು ತೋರಿಸಿ ಬೆದರಿಕೆ, ಎಂಟು ತಿಂಗಳು. ಆರೋಪ 33 ಜನರ ಮೇಲೆ. ಅವರಲ್ಲಿ ಇಬ್ಬರು ಅಪ್ರಾಪ್ತರು. ಪಟ್ಟಿ ಬರೆಯುವ ಹುಡುಗರೆಲ್ಲ ಅಲ್ಲಿಗೇ ಹೋಗಿ ಮುಟ್ಟುತ್ತಾರೆ ಎಂದು ನಾನು ಹೇಳುವುದಿಲ್ಲ, ಹಾಗೆ ಹೇಳುವುದು ಅನ್ಯಾಯ. ಆದರೆ 33 ಜನರಲ್ಲಿ ಒಬ್ಬನಿಗಾದರೂ ‘ಇದು ತಪ್ಪು, ನಾನು ಹೋಗಿ ಹೇಳುತ್ತೇನೆ’ ಅನಿಸಬೇಕಿತ್ತಲ್ಲ ಎಂದು ಆ ದಿನ ಅಪ್ಪ ಅಂದದ್ದು ನೆನಪಿದೆ. ಹೋಗಿ ಹೇಳುವ ಅಭ್ಯಾಸವನ್ನು ಹಿಂದಿನ ಬೆಂಚಿನಲ್ಲಿ ನಮಗೆ ಯಾರೂ ಮಾಡಿಸಿಲ್ಲ. ನಗುವ ಅಭ್ಯಾಸ ಮಾತ್ರ ಆಗಿದೆ.

ಈ ನಗು ಹಳೆಯದು. ನಮ್ಮ ಪಕ್ಕದ ಕಲ್ಯಾಣದಲ್ಲಿ 1865ರಲ್ಲಿ ಹುಟ್ಟಿದ ಆನಂದಿಬಾಯಿ ಜೋಶಿ, ಅಮೆರಿಕಕ್ಕೆ ಹೋಗಿ 1886ರಲ್ಲಿ ಎಂ.ಡಿ. ಪದವಿ ಪಡೆದು ಬಂದವರು, ಒಂಬತ್ತನೇ ವಯಸ್ಸಿಗೆ ಮದುವೆಯಾದವರು. ಹೊರಡುವ ಮುನ್ನ 1883ರಲ್ಲಿ ಬಂಗಾಳದ ಶ್ರೀರಾಂಪುರದಲ್ಲಿ ಮಾಡಿದ ಭಾಷಣದಲ್ಲಿ ತಮ್ಮ ಅನುಭವ ಹೇಳಿದ್ದಾರೆ: ಓದಲು ಹೋಗುವಾಗ ದಾರಿಯಲ್ಲಿ ಜನ ಗುಂಪುಗೂಡಿ ನಗುತ್ತಿದ್ದರು, ಜಗಲಿಯಲ್ಲಿ ಕೂತ ಮರ್ಯಾದಸ್ಥರು ಸಣ್ಣ ಕಲ್ಲು ಎಸೆಯುತ್ತಿದ್ದರು. ಅದಕ್ಕೂ ಮೊದಲು, 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದ ಸಾವಿತ್ರಿಬಾಯಿ ಫುಲೆಯವರ ಮೇಲೆ ಸಗಣಿ, ಕೆಸರು ಎರಚುತ್ತಿದ್ದುದು, ಅವರು ಚೀಲದಲ್ಲಿ ಇನ್ನೊಂದು ಸೀರೆ ಇಟ್ಟುಕೊಂಡು ಹೋಗುತ್ತಿದ್ದುದು ನಮ್ಮ ಪಾಠದಲ್ಲೇ ಇತ್ತು. ಈ ಎರಡು ಕತೆಗಳಿಂದ ನಾವು ‘ಅವರ ಧೈರ್ಯ’ ಎಂಬ ನೀತಿಯನ್ನು ಬರೆಯುತ್ತಿದ್ದೆವು. ಕಲ್ಲು ಎಸೆದವರು ಯಾರು, ಅವರ ಮಕ್ಕಳು ಏನು ಕಲಿತರು ಎಂದು ಯಾವ ಪ್ರಶ್ನೆಪತ್ರಿಕೆಯೂ ಕೇಳಲಿಲ್ಲ.

ಈಗ ಇನ್ನೊಂದು ಹೊಸ ಸಂಕಟ ಇದೆ. ಹುಡುಗಿಯರು ಮುಂದೆ ಹೋಗುತ್ತಿದ್ದಾರೆ. 2025ರ ಮಹಾರಾಷ್ಟ್ರ ಎಸ್.ಎಸ್.ಸಿ. ಫಲಿತಾಂಶದಲ್ಲಿ ಹುಡುಗಿಯರು ಶೇಕಡ 96.14, ಹುಡುಗರು 92.31. ಹಿಂದಿನ ವರ್ಷವೂ ಅವರೇ ಮುಂದೆ. ಇದಕ್ಕೆ ನಮ್ಮ ಹುಡುಗರ ವಿವರಣೆ ಏನು ಗೊತ್ತಾ? ‘ಅವರು ಬಾಯಿಪಾಠ ಹೊಡೀತಾರೆ.’ ನಾವು ಬಾಯಿಪಾಠ ಹೊಡೆಯಬಾರದೆಂದು ಯಾರಾದರೂ ತಡೆದಿದ್ದರೇ?

ಹಾಗಾದರೆ ಮಾಡುವುದೇನು? ಶಿಕ್ಷೆಯೊಂದರಿಂದ ಆಗುವುದಿಲ್ಲ ಎಂಬುದಕ್ಕೆ ನಾನೇ ಸಾಕ್ಷಿ. ನಮ್ಮ ಪಟ್ಟಿ ಸಿಕ್ಕಾಗ ನಮ್ಮನ್ನೂ ಹೊರಗೆ ನಿಲ್ಲಿಸಿದ್ದರು. ಒಳಗೆ ಬಂದಾಗ ನಾವು ಹೀರೋಗಳಾಗಿದ್ದೆವು. ಚಿತ್ರ-ವಿಡಿಯೋ ಹಂಚುವುದು, ಬೆದರಿಸುವುದು ಬಂದರೆ ಮಾತು ಬೇರೆ. ಅಲ್ಲಿ 2012ರ ಪೋಕ್ಸೋ ಕಾಯಿದೆ ಇದೆ, ಮಕ್ಕಳ ಸಹಾಯವಾಣಿ 1098 ಇದೆ, ಶಾಲೆಯ ಮಾನ ಎಂದು ಮುಚ್ಚಿಡುವಂತಿಲ್ಲ. ಬರೀ ಮಾತಿನಿಂದ ಹೆಣ್ಣಿನ ಮರ್ಯಾದೆ ಕೆಡಿಸುವುದೂ ಭಾರತೀಯ ನ್ಯಾಯ ಸಂಹಿತೆಯ 79ನೇ ಕಲಮಿನ ಕೆಳಗೆ ಅಪರಾಧವೇ. ಆದರೆ ಹದಿಮೂರರ ಹುಡುಗನಿಗೆ ಮೊದಲ ಬಾಗಿಲು ಪೊಲೀಸ್ ಠಾಣೆ ಆಗಬಾರದು. 2024ರ ಆಗಸ್ಟಿನಲ್ಲಿ ಬದಲಾಪುರದ ಶಾಲೆಯಲ್ಲಿ ಇಬ್ಬರು ಪುಟ್ಟ ಮಕ್ಕಳ ಮೇಲೆ ನಡೆದ ದೌರ್ಜನ್ಯದ ನಂತರ ಜನ ಹಳಿಗೆ ಇಳಿದು ರೈಲು ನಿಲ್ಲಿಸಿದರು. ಆಮೇಲೆ ಸರ್ಕಾರ ಶಾಲೆಗಳಿಗೆ ಸಿ.ಸಿ. ಟಿ.ವಿ. ಕಡ್ಡಾಯ ಎಂದಿತು. ಬೇಕು, ಬೇಡವೆನ್ನುವುದಿಲ್ಲ. ಆದರೆ ಆ ಕ್ಯಾಮೆರಾಕ್ಕೆ ಹಿಂದಿನ ಬೆಂಚಿನ ಪಿಸುಮಾತು ಕೇಳಿಸುವುದಿಲ್ಲ. 2022ರಲ್ಲೇ ಶಾಲೆಗೊಂದು ‘ಸಖಿ ಸಾವಿತ್ರಿ’ ಸಮಿತಿ ಇರಬೇಕೆಂದು ಆದೇಶವಾಗಿತ್ತು. ನಿಮ್ಮ ತಮ್ಮ-ತಂಗಿಯರ ಶಾಲೆಯಲ್ಲಿ ಅದು ಇದೆಯೇ, ಅದರಲ್ಲಿ ಯಾರಿದ್ದಾರೆ ಎಂದು ಒಮ್ಮೆ ವಿಚಾರಿಸಿ ನೋಡಿ.

ಪಾಠದ ಮೂಲಕ ಮಾಡಿದ ಪ್ರಯತ್ನಗಳೂ ಇವೆ, ಅವು ನಮ್ಮ ಹತ್ತಿರದಲ್ಲೇ ಆದವು. ಮುಂಬಯಿಯ ಪಾಲಿಕೆ ಶಾಲೆಗಳಲ್ಲಿ 2008ರಿಂದ ‘ಜೆಮ್ಸ್’ ಎಂಬ ಕಾರ್ಯಕ್ರಮ ನಡೆಯಿತು. ಐ.ಸಿ.ಆರ್.ಡಬ್ಲ್ಯು., ಕೋರೋ ಮತ್ತು ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಸೇರಿ ಮಾಡಿದ್ದು. ಒಟ್ಟು 45 ಶಾಲೆ, ಆರು-ಏಳನೇ ಇಯತ್ತೆಯ ಮಕ್ಕಳು. ಕೆಲವು ಶಾಲೆಗಳಲ್ಲಿ ಗುಂಪು ಚಟುವಟಿಕೆ ಮತ್ತು ಪ್ರಚಾರ, ಕೆಲವದರಲ್ಲಿ ಪ್ರಚಾರ ಮಾತ್ರ, ಉಳಿದವನ್ನು ಹಾಗೇ ಬಿಟ್ಟು ಹೋಲಿಸಿ ನೋಡಿದರು. ಉಪದೇಶವಿಲ್ಲ; ಮನೆಯಲ್ಲಿ ಯಾವ ಕೆಲಸ ಯಾರದು, ಯಾಕೆ, ಹೊಡೆಯುವುದು ಯಾವಾಗ ‘ಸರಿ’ ಅನಿಸುತ್ತದೆ, ಯಾಕೆ, ಎಂದು ಮಕ್ಕಳ ಬಾಯಿಂದಲೇ ಹೇಳಿಸುವುದು. ಅಭಿಪ್ರಾಯಗಳು ಚೆನ್ನಾಗಿ ಬದಲಾದವು. ಹೊಡೆದಾಟ-ಬೈದಾಟದ ವಿಷಯದಲ್ಲಿ ಮಾತ್ರ ಫಲ ಮಿಶ್ರ. ಇನ್ನೊಂದು ಹರಿಯಾಣದ್ದು. ನಾಲ್ಕು ಜಿಲ್ಲೆಗಳ 314 ಸರ್ಕಾರಿ ಶಾಲೆ, ಸುಮಾರು 14,000 ಮಕ್ಕಳು. ಅರ್ಧದಷ್ಟು ಶಾಲೆಗಳಲ್ಲಿ ಮೂರು ವಾರಕ್ಕೊಮ್ಮೆ 45 ನಿಮಿಷದ ಚರ್ಚೆ, ಎರಡೂವರೆ ವರ್ಷ. 2022ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಹಳೆಯ ಕಾಲದ ಅಭಿಪ್ರಾಯಗಳಲ್ಲಿ ಶೇಕಡ 16ರಷ್ಟು ಬದಲಾದವು, ಎರಡು ವರ್ಷದ ನಂತರವೂ ಉಳಿದವು. ಹುಡುಗರು ಮನೆಗೆಲಸಕ್ಕೆ ಕೈ ಹಾಕಿದರು. ಹದಿನಾರು ಕಡಿಮೆಯಾಯಿತಲ್ಲ ಎನ್ನುವವರಿಗೆ ಕಾಮರ್ಸಿನವನಾಗಿ ಹೇಳುತ್ತೇನೆ: ಬ್ಯಾಂಕಿನಲ್ಲಿ ಠೇವಣಿ ಇಟ್ಟರೆ ಏಳು ಬಂದರೆ ಹೆಚ್ಚು.

ನನಗೆ ಬಹಳ ಹಿಡಿಸಿದ್ದು ಮೂರನೆಯದು. ‘ಪರಿವರ್ತನ್’ ಎಂಬ ಹೆಸರಿನಲ್ಲಿ ಮುಂಬಯಿಯ ಶಾಲೆಗಳ ಕ್ರಿಕೆಟ್ ಕೋಚುಗಳ ಮೂಲಕ ಹುಡುಗರಿಗೆ ಇದನ್ನು ಹೇಳಿಸಿದರು. ಮೇಷ್ಟ್ರ ಮಾತಿಗಿಂತ ಕೋಚಿನ ಮಾತು ಒಳಗೆ ಇಳಿಯುತ್ತದೆ, ಯಾಕೆಂದರೆ ಟೀಮಿಗೆ ಸೇರಿಸಿಕೊಳ್ಳುವವನು ಅವನು. ಅಲ್ಲೂ ಹುಡುಗರ ಮನಸ್ಸು ಬದಲಾಯಿತು. ತಪ್ಪು ಮಾಡುವ ಗೆಳೆಯನನ್ನು ಎದುರು ನಿಂತು ತಡೆಯುವ ವಿಷಯದಲ್ಲಿ ಅಷ್ಟಾಗಿ ಬದಲಾಗಲಿಲ್ಲ. ಇದು ನನಗೆ ಆಶ್ಚರ್ಯವೆನಿಸಲಿಲ್ಲ. ನಮ್ಮ ತರಗತಿಯಲ್ಲಿ ಪಟ್ಟಿ ಮಾಡಿದವನು ಒಬ್ಬ, ಬರೆದವನು ಒಬ್ಬ, ಜೋರಾಗಿ ನಕ್ಕವರು ನಾಲ್ಕೈದು ಜನ, ಸುಮ್ಮನಿದ್ದವರು ಹದಿನೈದು. ಆ ಹದಿನೈದರಲ್ಲಿ ಹತ್ತು ಜನಕ್ಕಾದರೂ ಇದು ಇಷ್ಟವಿರಲಿಲ್ಲ ಎಂದು ಈಗ ಕೇಳಿದರೆ ಹೇಳುತ್ತಾರೆ. ಆಗ ಬಾಯಿ ಬಿಟ್ಟರೆ ‘ಅವಳ ಮೇಲೆ ಕಣ್ಣೇನೋ?’ ಎಂಬ ಮಾತು ಬರುತ್ತಿತ್ತು. ಹುಡುಗಿಯ ಮೇಲಿನ ಜೋಕು ಎಂದರೆ ಗುಂಪಿಗೆ ಕಟ್ಟುವ ಚಂದಾ. ಹುಡುಗರು ಹೇಳುವುದಲ್ಲ, ಕಟ್ಟುವುದು. ಕಟ್ಟದಿದ್ದರೆ ಸದಸ್ಯತ್ವ ರದ್ದು. ಆದ್ದರಿಂದ ಹೇಳುವವನ ಬಾಯಿ ಮುಚ್ಚಿಸುವುದಕ್ಕಿಂತ, ನಗುವ ನಾಲ್ವರನ್ನೂ ಸುಮ್ಮನಿರುವ ಹದಿನೈದು ಜನರನ್ನೂ ಹಿಡಿಯಬೇಕು ಎಂಬುದು ನನ್ನ ಅಭಿಪ್ರಾಯ. ಕೇಳುಗರಿಲ್ಲದೆ ಜೋಕು ನಡೆಯುವುದಿಲ್ಲ.

ನಮ್ಮ ಬಿಲ್ಡಿಂಗಿನ ಹಿಂದಿನ ಜಾಗದಲ್ಲಿ ಭಾನುವಾರ ಏಳರಿಂದ ಒಂಬತ್ತನೇ ಇಯತ್ತೆಯ ಒಂಬತ್ತು ಹುಡುಗರಿಗೆ ನಾನು ಕ್ರಿಕೆಟ್ ಆಡಿಸುತ್ತೇನೆ. ಕೋಚು ಎಂದೇನಲ್ಲ, ಬಾಲು ತರುವವನು ನಾನು. ಕನ್ನಡದವರು, ಮರಾಠಿಯವರು, ಒಬ್ಬ ತೆಲುಗಿನವನು. ತಂಗಿಯ ಪ್ರಸಂಗವಾದ ಮೇಲೆ ಅವರಿಗೆ ಒಂದು ಕೆಲಸ ಕೊಟ್ಟೆ. ವಹಿಯಲ್ಲಿ ಎರಡು ಅಂಕಣ ಮಾಡಿ: ಎಡಕ್ಕೆ ಅಮ್ಮ ಅಥವಾ ಅಕ್ಕ-ತಂಗಿ, ಬಲಕ್ಕೆ ನೀವು. ಒಂದು ದಿನ ಎದ್ದಾಗಿನಿಂದ ಮಲಗುವವರೆಗೆ ಯಾರು ಎಷ್ಟು ನಿಮಿಷ ಏನು ಮಾಡಿದಿರಿ, ಬರೆಯಿರಿ. ಲೆಕ್ಕಶಾಸ್ತ್ರದಲ್ಲಿ ಹಣದ ರೂಪದಲ್ಲಿ ಅಳೆಯದ ಕೆಲಸಕ್ಕೆ ನೋಂದಣಿಯೇ ಇಲ್ಲ, ಅದಕ್ಕೇ ಈ ವಹಿ. 2019ರ ಸರ್ಕಾರಿ ಸಮಯ ಬಳಕೆ ಸಮೀಕ್ಷೆಯಲ್ಲಿ, ಮನೆಗೆಲಸ ಮಾಡುವವರ ಪೈಕಿ ಹೆಂಗಸರ ದಿನದ ಸರಾಸರಿ 299 ನಿಮಿಷ, ಗಂಡಸರದು 97 ಎಂದಿದೆ. ನಮ್ಮ ಹುಡುಗರು 97ನ್ನು ಮುಟ್ಟಲಿಲ್ಲ.

ಒಂಬತ್ತರಲ್ಲಿ ಐವರು ಬರೆದು ತಂದರು. ಒಬ್ಬ ಎಲ್ಲವನ್ನೂ ತಮಾಷೆಗೆ ಬರೆದಿದ್ದ, ಎಲ್ಲರೂ ನಕ್ಕರು. ನನಗೂ ನಗು ಬಂತು, ಸುಳ್ಳು ಯಾಕೆ ಹೇಳಲಿ. ಇನ್ನೊಬ್ಬ, ಏಳನೆಯವನು, ಎಡದ ಅಂಕಣವನ್ನು ಬೆಳಿಗ್ಗೆ 4.40ಕ್ಕೆ ನೀರು ಹಿಡಿಯುವುದರಿಂದ ಶುರು ಮಾಡಿದ್ದ. ಐದೂವರೆಗೆ ಡಬ್ಬಿ, ಆರೂಕಾಲಿಗೆ ಸ್ಟೇಷನ್, ಲೋಕಲಿನ ಹೆಂಗಸರ ಡಬ್ಬಿಯಲ್ಲಿ ನಿಂತು ಬೆಳ್ಳುಳ್ಳಿ ಸುಲಿಯುವುದು, ಎಲ್ಲ ಬರೆದಿತ್ತು. ‘ರೈಲಿನಲ್ಲಿ ಬೆಳ್ಳುಳ್ಳಿ ಸುಲಿದದ್ದು ನಿನಗೆ ಹೇಗೆ ಗೊತ್ತು?’ ಎಂದೆ. ‘ಕೇಳಿದೆ’ ಅಂದ. ‘ಮೊದಲು ಯಾವಾಗಾದರೂ ಕೇಳಿದ್ದೆಯಾ?’ ಇಲ್ಲವೆಂದು ತಲೆಯಾಡಿಸಿದ. ತಮಾಷೆ ಮಾಡಿದವನು ಆಗ ಏನೋ ಅಂದ. ಈ ಸಲ ಇಬ್ಬರೇ ನಕ್ಕರು. ಅಷ್ಟೇ ನನ್ನ ಸಂಶೋಧನೆ.

2019ರಲ್ಲಿ ಬಾಲಭಾರತಿಯವರು ಎರಡನೇ ಇಯತ್ತೆಯ ಪುಸ್ತಕದಲ್ಲಿ ಅಪ್ಪ-ಅಮ್ಮ ಇಬ್ಬರೂ ಕೂತು ಸೊಪ್ಪು ಬಿಡಿಸುವ ಚಿತ್ರ ಹಾಕಿದರು. ಅದನ್ನು ನೋಡಿ ಓದಿದ ಮೊದಲ ತಂಡಗಳ ಮಕ್ಕಳಲ್ಲಿ ನನ್ನ ತಂಗಿಯ ಜೊತೆಯವರೂ ಇದ್ದಾರೆ. ಪಟ್ಟಿ ಬರೆದವರೂ ಅವರೇ. ಚಿತ್ರ ಒಳ್ಳೆಯದೇ, ಆದರೆ ಪುಸ್ತಕ ಮುಚ್ಚಿದ ಮೇಲೆ ಮನೆಯಲ್ಲಿ ಯಾರೂ ಸೊಪ್ಪು ಬಿಡಿಸದಿದ್ದರೆ ಅದು ಚಿತ್ರವಾಗಿಯೇ ಉಳಿಯುತ್ತದೆ.

ತಂಗಿ ಕಿಟಕಿಯ ಜಾಗ ಬಿಟ್ಟಿಲ್ಲ. ಅವ್ವ ಹೇಳಿದ ಮರುದಿನವೂ ಅಲ್ಲೇ ಕೂತಳು, ಗಾಳಿ ಬರ್ತದ ಅಂದಳು. ಅವಳ ಶಾಲೆಯ ಪಾಲಕರ ಸಭೆಗೆ ಈ ಸಲ ಅಪ್ಪನ ಜೊತೆ ನಾನೂ ಹೋಗುವವನಿದ್ದೇನೆ. ಹುಡುಗಿಯರಿಗೆ ಹೇಳಿದ ಅರ್ಧ ಗಂಟೆಯ ಬುದ್ಧಿಮಾತನ್ನು ಹುಡುಗರಿಗೂ ಒಂದು ವರ್ಷ, ತಿಂಗಳಿಗೊಂದು ಗಂಟೆಯಂತೆ ಕೊಡಿ ಎಂದು ಕೇಳಬೇಕೆಂದಿದ್ದೇನೆ. ನಮ್ಮ ಬಳಗದಲ್ಲಿ ನಾಟಕ ಮಾಡುವವರಿದ್ದೀರಿ, ಹಾಡುವವರಿದ್ದೀರಿ. ಅಂಥ ಒಂದು ಗಂಟೆಗೆ ಶಾಲೆ ಒಪ್ಪಿದರೆ ನನ್ನೊಬ್ಬನಿಂದ ಆಗುವ ಕೆಲಸವಲ್ಲ. ಭಾನುವಾರದ ಆಟ ಬೆಳಿಗ್ಗೆ ಎಂಟಕ್ಕೆ. ಸ್ಟಂಪು, ಬಾಲು ಇವೆ. ಒಂದು ಹಳೆಯ ಬ್ಯಾಟು ಯಾರ ಮನೆಯಲ್ಲಾದರೂ ಇದ್ದರೆ ಬೇಕು.

ಈ ಸಂಚಿಕೆಯ ಒಂದು ಪ್ರತಿಯನ್ನು ಹೆಚ್ಚಿಗೆ ಇಟ್ಟಿರಿ ಎಂದು ಸಂಪಾದಕರಿಗೆ ಹೇಳಿದ್ದೇನೆ. ತಂಗಿಗೆ ಕೊಡಬೇಕು. ಪಟ್ಟಿ ಬರೆದ ಕೈ ಯಾರದು ಎಂದು ಅವಳಿಗೆ ಇನ್ನೂ ಗೊತ್ತಿಲ್ಲ.